ಸೈತಾನನ ಎರಡನೆಯ ಕಣ್ಣು

ಕಿನ್ಫೆ ತನ್ನ ಜೀವಮಾನದಲ್ಲಿ ಹದಿನೇಳು ಇಗರ್ಜಿಗಳ ಗೋಡೆಗೆ ಚಿತ್ರ ಬರೆದ. ಕನ್ಯಾಮರಿಯಳನ್ನು ಎಷ್ಟು ಸಲ ಬರೆದನೋ ಹೆಚ್ಚುಕಡಿಮೆ ಅಷ್ಟೇ ಸಲ ಸೈತಾನನನ್ನೂ ಬರೆದ. ಹದಿನಾರು ಊರುಗಳಲ್ಲಿ ಅವನಿಗೆ ಸಿಕ್ಕಿದ್ದು ಮರ್ಯಾದೆ, ಊಟ, ಬಾರ್ಲಿಯಿಂದ ಇಳಿಸಿದ ತೆಲ್ಲಾ ಹೆಂಡ ತುಂಬಿದ ಮಗ್ಗು. ಮೊಟ್ಟಮೊದಲು ಬರೆದ ಗೋಡೆ ಮಾತ್ರ ಅವನ ಸ್ವಂತ ಊರಾದ ಅಂಬಾ ಮೆಸ್ಕೆಲ್‌ನದು. ದೇವದೂತ ಮಿಕಾಯೇಲನ ಇಗರ್ಜಿಯಲ್ಲಿ, ಬಾಗಿಲ ಪಕ್ಕದ್ದು. ಅದು ಅವನ ಎದೆಯ ಮೇಲೆ ಮೂವತ್ತನಾಲ್ಕು ವರ್ಷ ಕೂತಿತ್ತು. ಒಳ್ಳೆಯ ಕೈಯಿದ್ದವನಿಗೆ ಒಳ್ಳೆಯ ಬುದ್ಧಿಯೂ ಇದ್ದೇ ಇರುತ್ತದೆ ಎಂದು ನಂಬಿಕೊಂಡವರು ಬೇಕಾದರೆ ಇಲ್ಲಿಂದಲೇ ಎದ್ದು ಹೋಗಬಹುದು.

ನಮ್ಮ ಕಡೆ ಚಿತ್ರಕಾರನಾಗಲು ಹೋದವನಿಗೆ ಗುರು ಮೊದಲು ಹೇಳಿಕೊಡುವುದು ಕಣ್ಣು. ಒಳ್ಳೆಯವರನ್ನು ಎದುರುಮುಖವಾಗಿ, ಎರಡು ಕಣ್ಣೂ ಕಾಣುವಂತೆ ಬರೆಯಬೇಕು. ಕೆಟ್ಟವರನ್ನು ಪಕ್ಕದಿಂದ, ಒಂದೇ ಕಣ್ಣು ಕಾಣುವಂತೆ ಬರೆಯಬೇಕು. ಸ್ವಾಮಿಯನ್ನು ಹಿಡಿದುಕೊಟ್ಟ ಯೂದ ಒಕ್ಕಣ್ಣ, ಶಿಲುಬೆಯ ಕೆಳಗಿನ ಸಿಪಾಯಿಗಳು ಒಕ್ಕಣ್ಣರು, ಸೈತಾನನಂತೂ ಸರಿಯೇ ಸರಿ. ಓದು ಬಾರದ ಮುದುಕಿ ಕೂಡ ಬಾಗಿಲಲ್ಲಿ ನಿಂತೇ ಯಾರಿಗೆ ಕೈಮುಗಿಯಬೇಕು, ಯಾರಿಗೆ ಉಗಿಯಬೇಕು ಎಂದು ತಿಳಿದುಕೊಳ್ಳುತ್ತಾಳೆ. ಇದರಲ್ಲಿ ಒಂದೇ ಒಂದು ತೊಡಕು. ಎದುರುಮುಖದ ಸಂತರಿಗೆಲ್ಲ ಒಂದೇ ಅಚ್ಚಿನ ಮೂಗು ಸಾಕು, ಎರಡು ಗೆರೆ ಎಳೆದರೆ ಮುಗಿಯಿತು. ಪಕ್ಕದ ಮುಖಕ್ಕೆ ಮಾತ್ರ ಯಾರದಾದರೂ ಮೂಗು ಬೇಕು.

ಕಿನ್ಫೆಗೆ ಕಣ್ಣು ಮುಚ್ಚಿದರೂ ಬರೆಯಲು ಬರುತ್ತಿದ್ದುದು ಒಂದೇ ಮೂಗು, ಅಣ್ಣ ಮೆರ್ಷಾನದು. ಅಪ್ಪ ಗುಮಾರಾ ನದಿ ದಾಟಲು ಹೋಗಿ ನೆರೆಯಲ್ಲಿ ಕೊಚ್ಚಿಹೋದಾಗ ಕಿನ್ಫೆಗೆ ನಾಲ್ಕು ವರ್ಷ, ಮೆರ್ಷಾಗೆ ಹನ್ನೆರಡು. ಮಾರನೆಯ ದಿನವೇ ಮೆರ್ಷಾ ನೇಗಿಲು ಹಿಡಿದ. ತಮ್ಮನನ್ನು ಮನೆಯಲ್ಲಿ ಬಿಟ್ಟರೆ ನದಿಯ ಕಡೆ ಹೋಗುತ್ತಾನೆಂದು ದಿನವಿಡೀ ತನ್ನ ಪಕ್ಕದಲ್ಲೇ ನಡೆಸಿಕೊಳ್ಳುತ್ತಿದ್ದ. ಹೀಗೆ ಕಿನ್ಫೆ ಬೆಳೆದದ್ದೇ ಅಣ್ಣನ ಮುಖವನ್ನು ಪಕ್ಕದಿಂದ ನೋಡುತ್ತ. ಎತ್ತು ಕೊಂಬು ಬೀಸಿದ್ದರಿಂದ ಮುರಿದು, ನಡುವೆ ಗಂಟು ಕಟ್ಟಿಕೊಂಡಿದ್ದ ಮೂಗು ಅದು. ಹುಡುಗನಿಗೆ ಚಿತ್ರದ ಹುಚ್ಚು ಹತ್ತಿದಾಗ ಗುಮಾರಾ ದಾಟಿ ಮೂರು ದಿನ ನಡೆದು ಗೊಂಡರು ಪಟ್ಟಣದ ಗುರುವಿನ ಮನೆಯಲ್ಲಿ ಬಿಟ್ಟುಬಂದವನೂ ಈ ಮೂಗಿನವನೇ.

ಗೊಂಡರಿನಲ್ಲಿ ಆರನೆಯ ವರ್ಷ. ಮಳೆಗಾಲ ಕಳೆದು ಬೆಟ್ಟಗಳೆಲ್ಲ ಹಳದಿ ಹೂ ಬಿಟ್ಟಾಗ ಕಿನ್ಫೆ ಅಮ್ಮನಿಗೆಂದು ಬಿಳಿಯ ಹೊದಿಕೆಯೊಂದನ್ನು ಹೆಗಲಿಗೇರಿಸಿಕೊಂಡು ಊರಿಗೆ ಬಂದ. ಮನೆಯ ಮುಂದೆ ಅಣ್ಣ ಕೂತು ನೊಗಕ್ಕೆ ಹಗ್ಗ ಬಿಗಿಯುತ್ತಿದ್ದ.

"ಅಮ್ಮ ಎಲ್ಲಿ ಅಣ್ಣಾ?"

"ಹಮ್ಲೆ ತಿಂಗಳಲ್ಲಿ ಹೋದ್ಲು."

"ಹೋದ್ಲು ಅಂದ್ರೆ?"

"ಹೋದ್ಲು ಅಂದ್ರೆ ಹೋದ್ಲು ಕಣೋ. ಇಗರ್ಜಿ ಹಿಂದೆ ಮಣ್ಣು ಮಾಡಿದ್ವಿ."

"ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಮಳೆ ಇತ್ತು."

ಇಷ್ಟೇ ಮಾತು. ಮೆರ್ಷಾ ಮತ್ತೆ ಹಗ್ಗ ಬಿಗಿಯತೊಡಗಿದ. ಗೋರಿಯ ಮೇಲೆ ಆಗಲೇ ಹುಲ್ಲು ಬೆಳೆದಿತ್ತು. ಕಿನ್ಫೆ ಆ ಹುಲ್ಲಿನ ಮೇಲೆ ಬಿದ್ದು ಅತ್ತ. ಎದ್ದಾಗ ಅವನ ಹೊಟ್ಟೆಯಲ್ಲಿ ಅಣ್ಣನ ಮೇಲಿನ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ.

ಮರುವರ್ಷ ಊರವರು ಅವನಿಗೆ ಇಗರ್ಜಿಯ ಒಳಗೋಡೆ ಬರೆಯಲು ಹೇಳಿದರು. ಹತ್ತಿಬಟ್ಟೆಗೆ ಅಂಟು, ಸುಣ್ಣದ ಪುಡಿ ಬಳಿದು, ಒಣಗಿಸಿ, ಗೋಡೆಗೆ ಅಂಟಿಸಿ, ಬಾಗಿಲ ಪಕ್ಕ ಕತ್ತಿ ಹಿರಿದ ಮಿಕಾಯೇಲನನ್ನು ಬರೆದ. ಅವನ ಕಾಲಡಿಯಲ್ಲಿ ಸರಪಳಿ ಬಿಗಿದು ಬಿದ್ದ ಸೈತಾನ. ಕೊಂಬು, ಬಾಲ, ಕಪ್ಪು ಮೈ, ಒಂದು ಕಣ್ಣು. ಮತ್ತು ನಡುವೆ ಗಂಟಿರುವ ಒಂದು ಮೂಗು.

ಹಿದಾರ್ ತಿಂಗಳ ಮಿಕಾಯೇಲನ ಹಬ್ಬದ ದಿನ ಪರದೆ ಸರಿಸಿದರು. ಜನ ಕೈಮುಗಿದು ನಿಂತಿದ್ದಾಗ ಯಾರದೋ ಸೊಂಟದ ಮೇಲಿದ್ದ ಮಗುವೊಂದು ಬೆರಳು ತೋರಿಸಿ, "ಮೆರ್ಷಾ ಮಾಮ!" ಎಂದಿತು. ಇಗರ್ಜಿಯಲ್ಲಿ ನಗಬಾರದೆಂಬುದನ್ನು ಮರೆತು ಊರೇ ನಕ್ಕಿತು. ಮೆರ್ಷಾ ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ. ತನ್ನ ಮೂಗನ್ನು ಒಮ್ಮೆ ಮುಟ್ಟಿಕೊಂಡ. ಆಮೇಲೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.

ಅಂದಿನಿಂದ ಅವನು ಒಳಗೆ ಕಾಲಿಡಲಿಲ್ಲ. ಪೂಜೆ ತಪ್ಪಿಸಿದನೆಂದಲ್ಲ. ಮೈಲಿಗೆಯಾದವರು, ಮನಸ್ಸು ಸರಿಯಿಲ್ಲದವರು ನಮ್ಮಲ್ಲಿ ಅಂಗಳದಲ್ಲೇ ನಿಂತು ಪ್ರಾರ್ಥನೆ ಕೇಳುತ್ತಾರೆ. ಅವನೂ ಪ್ರತಿ ಭಾನುವಾರ ಬಂದು ಕಾಡು ಆಲಿವ್ ಮರದ ಕೆಳಗೆ ಕೋಲಿಗೆ ಗದ್ದ ಊರಿ ನಿಲ್ಲುತ್ತಿದ್ದ. ಆದರೆ ಅವರೆಲ್ಲ ಇವತ್ತು ನಿಂತರೆ ಮುಂದಿನ ವಾರ ಒಳಗೆ ಹೋಗುವವರು. ಇವನು ಹೋಗಲಿಲ್ಲ. ಎರಡು ಕಣ್ಣೂ ನೆಟ್ಟಗಿದ್ದವನಿಗೆ ಊರು ಒಕ್ಕಣ್ಣ ಎಂದು ಹೆಸರಿಟ್ಟಿತು. ಅವನ ಹೆಂಡತಿ ಯೆಷಿ ಸಂತೆಗೆ ಹೋದರೆ, "ಏನಮ್ಮಾ, ಮನೇಲಿ ಬಾಲ ಎಲ್ಲಿಡ್ತಾನೆ?" ಎಂದು ಕೇಳುವ ಬಾಯಿಗಳಿದ್ದವು. ನಮ್ಮೂರಿನ ಬಾಯಿ ಒಳ್ಳೆಯದೆಂದು ಯಾರೂ ಹೇಳಿಲ್ಲ. ಇನ್ನು ಹೆಂಗಸರು ತಮ್ಮ ಮಕ್ಕಳ ಮೇಲಿನ ಕೆಟ್ಟ ದೃಷ್ಟಿ ಹೋಗಲೆಂದು ಆ ಚಿತ್ರದ ಕಣ್ಣಿಗೆ ಮುಳ್ಳಿನಿಂದ ಚುಚ್ಚಿ ಚುಚ್ಚಿ ಅಲ್ಲಿ ಬಟ್ಟೆಯೇ ತೂತಾಗಿತ್ತು.

"ಕೈ ತಾನೇ ಬರೀತು. ನಾನೇನು ಮಾಡ್ಲಿ?" ಎಂದು ಕಿನ್ಫೆ ಕೇಳಿದವರಿಗೆಲ್ಲ ಹೇಳುತ್ತಿದ್ದ. ಸುಳ್ಳು. ಮೂಗಿನ ಗಂಟನ್ನು ಬರೆಯುವಾಗ ಅವನು ಕುಂಚ ಬದಲಿಸಿ ಸಣ್ಣದನ್ನು ತೆಗೆದುಕೊಂಡಿದ್ದ. ಹಿರಿಯರು ರಾಜಿಗೆ ಕೂತು, ಕತ್ತಿನ ಮೇಲೆ ಕಲ್ಲು ಹೊತ್ತು ಅಣ್ಣನ ಕಾಲಿಗೆ ಬೀಳು ಎಂದಾಗ ಅವನು, ತಪ್ಪೇ ಮಾಡದವನು ಕಲ್ಲು ಯಾಕೆ ಹೊರಬೇಕು ಎಂದು ಎದ್ದುಹೋದ. ಸಿಟ್ಟು ಒಂದೆರಡು ಮಳೆಗಾಲಕ್ಕೆಲ್ಲ ತೊಳೆದುಹೋಯಿತು. ಉಳಿದದ್ದು ನಾಚಿಕೆ. ನಾಚಿಕೆಯವನು ಸಿಟ್ಟಿನವನಿಗಿಂತ ದೂರ ನಿಲ್ಲುತ್ತಾನೆ. ಅಣ್ಣತಮ್ಮಂದಿರ ಮನೆಗಳ ನಡುವೆ ಇದ್ದದ್ದು ಒಂದು ತೆಫ್ ಧಾನ್ಯದ ಹೊಲ. ಅದರ ಈಚೆ ಬದುವಿನಿಂದ ಕಿನ್ಫೆ ಅಣ್ಣ ಉಳುವುದನ್ನು ನೋಡುತ್ತಿದ್ದ, ಮತ್ತೆ ಪಕ್ಕದಿಂದಲೇ. ಚಿತ್ರವನ್ನು ಅಳಿಸಿಬಿಡೋಣವೆಂದು ಒಮ್ಮೆ ಅಬಾ ಲಿಸಾನು ಪಾದ್ರಿಯನ್ನು ಕೇಳಿಯೂ ನೋಡಿದ.

"ಪ್ರಾರ್ಥನೆ ಮಾಡಿ ಮಂತ್ರಜಲ ಚಿಮುಕಿಸಿದ ಮೇಲೆ ಅದು ನಿನ್ನದಲ್ಲ, ಮಿಕಾಯೇಲನದು," ಎಂದರು ಅಬಾ. "ಅವನ ಕಾಲಡಿ ಇರೋನನ್ನ ನೀನು ಬಿಡಿಸಿಬಿಡ್ತೀಯಾ?"

ಹೀಗೆ ವರ್ಷಗಳು ಹೋದವು. ರಾಜ ಹೋದ, ಹಸಿರು ಬಟ್ಟೆಯ ಸಿಪಾಯಿಗಳು ಬಂದರು, ಅವರೂ ಹೋದರು. ಕಿನ್ಫೆ ಮದುವೆಯಾಗಲಿಲ್ಲ. ಊರಿಂದೂರಿಗೆ ಗೋಡೆ ಬರೆಯುತ್ತ ಹೋದ, ಮತ್ತೆಲ್ಲೂ ಸೈತಾನನಿಗೆ ಗಂಟಿನ ಮೂಗು ಬರೆಯಲಿಲ್ಲ. ಐವತ್ತೆಂಟಕ್ಕೆ ಅವನ ಬಲಗೈ ನಡುಗಲು ಶುರುವಾಯಿತು. ಅದೇ ವರ್ಷ ಅಂಬಾ ಮೆಸ್ಕೆಲ್‌ನ ಇಗರ್ಜಿಗೆ ಹುಲ್ಲಿನ ಬದಲು ತಗಡಿನ ಮಾಡು ಬಂತು. ಹಳೆಯ ಸೋರುವಿಕೆಯಿಂದ ಕೊಳೆತಿದ್ದ ದಕ್ಷಿಣ ಗೋಡೆಗೆ ಎಲ್ಲ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆ ಬೇಕೆಂದು ಊರವರು ಅವನನ್ನೇ ಕರೆದರು. ಇದು ಕೊನೆಯ ಗೋಡೆ ಎಂದು ಕಿನ್ಫೆಗೆ ಗೊತ್ತಿತ್ತು. ಅಣ್ಣನನ್ನು ಮರದ ಕೆಳಗಿನಿಂದ ಒಳಗೆ ಕರೆತರಲು ಇನ್ನೊಂದು ಗೋಡೆ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಯೋಬನ ಕಥೆಯಲ್ಲಿ ಸೈತಾನ ಬರುತ್ತಾನಲ್ಲ. ಅವನನ್ನು ಹೇಗೆ ನಿಲ್ಲಿಸುವುದೆಂದು ಕೇಳಲು ಕಿನ್ಫೆ ಗುಡ್ಡದ ಮೇಲೆ ಪಾಠ ಹೇಳುವ ಎಸ್ದ್ರಾಸರ ಗುಡಿಸಲಿಗೆ ಹೋದ. ಪುಸ್ತಕದ ಅರ್ಥ ಹೇಳುವ ಗುರುಗಳನ್ನು ನಾವು ಯೆನೇಟಾ ಎನ್ನುತ್ತೇವೆ. ಇವರಿಗೆ ಎಂಬತ್ತು ದಾಟಿತ್ತು. ಒಂದೊಂದು ವಾಕ್ಯಕ್ಕೂ ಪಿತೃಗಳು, ಅಂದರೆ ಹಳೆಯ ಧರ್ಮಗುರುಗಳು, ಹೇಳಿದ ಅರ್ಥ ಹೇಳಿ, ಆಮೇಲೆ "ಹೀಗೂ ಒಂದುಂಟು" ಎಂದು ಇನ್ನೊಂದು ಹೇಳುವುದು ಅವರ ಪಾಠದ ಕ್ರಮ. ಆಡಿನ ಚರ್ಮದ ಮೇಲೆ ಬಿಸಿಲಿಗೆ ಕೂತಿದ್ದರು.

"ಯೋಬನ ಕಥೇಲಿ ಸೈತಾನ ಹೆಂಗೆ ನಿಂತಿರ್ತಾನೆ ಯೆನೇಟಾ?"

"ಹೆಂಗೆ ಅಂದ್ರೆ? ಕಾಲ ಮೇಲೆ."

"ತಮಾಷೆ ಬೇಡಿ. ಸರಪಳಿ, ಕೊಂಬು, ಬಾಲ, ಏನೇನು ಇರುತ್ತೆ?"

"ಯಾವ ಕೊಂಬೋ? ದೇವರ ಮಕ್ಕಳೆಲ್ಲ ಸಭೆಗೆ ಬಂದ್ರು, ಅವರ ಜೊತೆ ಇವನೂ ಬಂದ. ಎಲ್ಲಿಂದ ಬಂದೆಯಪ್ಪಾ ಅಂತ ದೇವರು ಕೇಳ್ದ. ಭೂಮಿ ಮೇಲೆ ಸುತ್ತಾಡ್ಕೊಂಡು ಬಂದೆ ಅಂದ. ಬಾಗಿಲಲ್ಲಿ ಯಾರೂ ತಡೀಲಿಲ್ಲ, ಯಾರೂ ಉಗೀಲಿಲ್ಲ."

"ಹಂಗಾದ್ರೆ ಅವನು ಮಾಡಿದ ತಪ್ಪೇನು?"

"ಅಲ್ಲಿ ಇಲ್ಲದವನ ಮೇಲೆ ದೂರು ಹೇಳ್ದ. ಯೋಬ ತನ್ನ ಪಾಡಿಗೆ ಮನೇಲಿದ್ದ. ಅವನನ್ನ ಒಂದು ಮಾತೂ ಕೇಳದೆ, ಅವನು ಒಳ್ಳೆಯವನಲ್ಲ, ಒಳ್ಳೆಯವನ ಹಂಗೆ ಕಾಣ್ತಾನೆ ಅಂದ. ಅಷ್ಟೇ."

ಯೆನೇಟಾ ಹುರಿದ ಬಾರ್ಲಿಯನ್ನು ಕಿನ್ಫೆಯ ಅಂಗೈಗೆ ಹಾಕಿ ತಾವೇ ಮುಂದುವರಿಸಿದರು. ಅವರು ಮಾತಾಡಲು ಹೊರಟರೆ ನಿಲ್ಲಿಸುವವರಿಲ್ಲ.

"ಮೊದಲ ಪುಸ್ತಕದ ತೋಟದಲ್ಲಿ ಇರೋದು ಹಾವು. ಅದರೊಳಗೆ ಅವನೇ ಇದ್ದ ಅಂತ ಪಿತೃಗಳು ಹೇಳ್ತಾರೆ, ನಾನೂ ಒಪ್ತೀನಿ. ಅಕ್ಷರದಲ್ಲಿ ಹಾವು ಅಂತಷ್ಟೇ ಇದೆ. ಆಮೇಲೆ ದಾವೀದ ರಾಜ ಜನರನ್ನ ಎಣಿಸಿ ಪಾಪ ಕಟ್ಕೊಂಡ್ನಲ್ಲ, ಹಳೇ ಕಥೇಲಿ ಅವನನ್ನ ಅದಕ್ಕೆ ಎಬ್ಬಿಸಿದ್ದು ದೇವರ ಕೋಪ. ಅದೇ ಕಥೇನ ಎಷ್ಟೋ ಕಾಲದ ಮೇಲೆ ಇನ್ನೊಬ್ಬ ಬರೆದ. ದೇವರ ಮೇಲೆ ಹೊರಿಸೋಕೆ ಅವನಿಗೆ ಕೈ ಬರ್ಲಿಲ್ಲ. ಎಬ್ಬಿಸಿದ್ದು ಸೈತಾನ ಅಂತ ಬರೆದ. ಇನ್ನೊಂದು ಕಡೆ, ಪ್ರಳಯ ಆದ್ಮೇಲೆ ದೇವರ ಮುಂದೆ ಅಂಗಲಾಚ್ತಾನೆ, ನನ್ನ ಪರಿವಾರದಲ್ಲಿ ಹತ್ತಕ್ಕೆ ಒಂದನ್ನಾದ್ರೂ ಉಳಿಸಿಕೊಡಪ್ಪಾ ಅಂತ. ಸುವಾರ್ತೆಗೆ ಬಂದ್ರೆ ಬೆಟ್ಟದ ಮೇಲೆ ನಿಂತು ನಾನೇ ರಾಜ್ಯ ಕೊಡ್ತೀನಿ ಅಂತಾನೆ. ಕೊನೇ ಪುಸ್ತಕದ ಹೊತ್ತಿಗೆ ಏಳು ತಲೆ, ಕೆಂಪು ಮೈ, ಬಾಲದಲ್ಲಿ ನಕ್ಷತ್ರ ಗುಡಿಸ್ತಾನೆ. ನೀವು ಚಿತ್ರದವರು ಕೊನೇ ಪುಟದಿಂದ ಶುರು ಮಾಡ್ತೀರಿ."

"ಇವರೆಲ್ಲ ಒಬ್ಬನೇನಾ ಯೆನೇಟಾ?"

"ಒಬ್ಬನೇ ಅಂತಾರೆ ಪಿತೃಗಳು. ಹೀಗೂ ಒಂದುಂಟು: ಒಂದು ಬೆನ್ನು ಸಿಕ್ತು. ಬಂದವರೆಲ್ಲ ತಮ್ಮ ತಮ್ಮ ಹೊರೆ ಅದರ ಮೇಲಿಟ್ಟು ಹಗುರಾಗಿ ಹೋದ್ರು." ಮುದುಕರು ಅವನ ಮುಖ ನೋಡಿದರು. "ನೀನೂ ಒಂದು ಇಟ್ಟೆಯಲ್ಲ, ಬಾಗಿಲ ಪಕ್ಕ."

ಕಿನ್ಫೆ ಗುಡ್ಡ ಇಳಿದವನು ತನ್ನ ಮನೆಗೆ ಹೋಗದೆ ತೆಫ್ ಹೊಲ ದಾಟಿದ. ಮೆರ್ಷಾ ಉಳಲು ಹೋಗಿದ್ದ ಹೊತ್ತು. ಯೆಷಿ ಒಲೆಯ ಮುಂದೆ ಕಾಫಿ ಬೀಜ ಹುರಿಯುತ್ತಿದ್ದಳು. ಮೈದುನನನ್ನು ಬಾಗಿಲಲ್ಲಿ ಕಂಡು ಬಾಣಲೆ ಕೆಳಗಿಟ್ಟಳು.

"ದಾರಿ ತಪ್ಪಿ ಬಂದ್ಯೋ, ಬೇಕಂತ ಬಂದ್ಯೋ?"

"ಒಂದು ಮಾತು ಕೇಳ್ಬೇಕಿತ್ತು ಅತ್ತಿಗೆ. ಅಮ್ಮ ಹೋದಾಗ ಅಣ್ಣ ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಮೂವತ್ತೈದು ವರ್ಷ ಆದ್ಮೇಲೆ ಕೇಳ್ತಿದ್ದೀಯಾ!" ಯೆಷಿ ನಕ್ಕಳು, ಆದರೆ ಕಣ್ಣು ಒರೆಸಿಕೊಂಡಳು. ಹೊಗೆಯಿಂದಲೂ ಇರಬಹುದು. "ಗುಮಾರಾ ಆ ವರ್ಷ ಎರಡೂ ದಡ ನುಂಗಿತ್ತು. ಸುದ್ದಿ ಬಂದಿದ್ರೆ ನೀನು ಗೊಂಡರಿನಲ್ಲಿ ಕೂತಿರ್ತಿದ್ಯಾ?"

"ಇಲ್ಲ. ಬಂದುಬಿಡ್ತಿದ್ದೆ."

"ನದಿಗೆ ಇಳೀತಿದ್ದೆ."

"ಇಳೀತಿದ್ದೆ."

"ಅದಕ್ಕೇ ಕಳಿಸ್ಲಿಲ್ಲ. ಅಪ್ಪನ್ನ ಕೊಟ್ಟಾಯ್ತು ಆ ನದಿಗೆ, ತಮ್ಮನ್ನ ಕೊಡಲ್ಲ ಅಂದ. ಒಬ್ಬನೇ ಅಮ್ಮನ್ನ ಹೊತ್ಕೊಂಡು ಹೋದ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ ಅತ್ತಿಗೆ!"

"ನಾನೂ ಅದನ್ನೇ ಬಡ್ಕೊಂಡೆ. ತಮ್ಮನಿಗೆ ಯಾರ ಮೇಲಾದ್ರೂ ಸಿಟ್ಟು ಬರ್ಬೇಕು ಕಣೇ, ನದಿ ಮೇಲೆ ಬಂದ್ರೆ ಏನು ಮಾಡ್ತಾನೆ, ನನ್ನ ಮೇಲೆ ಬರ್ಲಿ ಬಿಡು ಅಂದ. ಗೋಡೆ ಮೇಲೆ ಬರುತ್ತೆ ಅಂತ ಅವನಿಗೇನು ಗೊತ್ತಿತ್ತು?"

ಕಿನ್ಫೆ ಕಾಫಿ ಕುಡಿಯದೆ ಎದ್ದ. ನಮ್ಮಲ್ಲಿ ಮೂರನೆಯ ಲೋಟದ ತನಕ ಕೂರದೆ ಎದ್ದುಹೋದರೆ ಮನೆಯವರಿಗೆ ಅವಮಾನ. ಯೆಷಿ ಅಂದು ಬಾಗಿಲ ತನಕ ಬಂದು ಬೀಳ್ಕೊಟ್ಟಳು.

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದ ದಿನಗಳು ಬಂದವು. ಉಪವಾಸದಲ್ಲಿ ವಾರದ ದಿನಗಳ ಪೂಜೆ ಮಧ್ಯಾಹ್ನ ಕಳೆದ ಮೇಲೆ. ಅಲ್ಲಿಯವರೆಗೆ ಇಗರ್ಜಿ ಖಾಲಿ. ಕಿನ್ಫೆ ಹೊಸ ಬಟ್ಟೆ ಬಿಗಿದು, ದೇವರ ಸಭೆಯನ್ನು ಬರೆದ. ಸಿಂಹಾಸನ, ಸಾಲಾಗಿ ನಿಂತ ದೇವದೂತರು, ರೆಕ್ಕೆಗಳು. ಸಾಲಿನ ಕೊನೆಯಲ್ಲಿ ಒಬ್ಬನಿಗಾಗುವಷ್ಟು ಜಾಗ ಬಿಟ್ಟ. ಒಂದು ಮಧ್ಯಾಹ್ನ, ಹೊಟ್ಟೆಗೇನೂ ಇಲ್ಲದೆ, ಆ ಜಾಗವನ್ನೇ ನೋಡುತ್ತ ಹೊರಸುತ್ತಿನ ಚಾಪೆಯ ಮೇಲೆ ಒರಗಿದ. ಜಾಲರಿಯ ಕಿಟಕಿಗಳಿಂದ ಬಿಸಿಲು ಸಣ್ಣ ಸಣ್ಣ ಶಿಲುಬೆಗಳಾಗಿ ನೆಲದ ಮೇಲೆ ಬಿದ್ದಿತ್ತು. ನಿನ್ನೆಯ ಧೂಪದ ವಾಸನೆ ಇನ್ನೂ ಗಾಳಿಯಲ್ಲೇ ಇತ್ತು. ಎಲ್ಲೋ ಒಂದು ಪಾರಿವಾಳ ತಗಡಿನ ಮೇಲೆ ಕಾಲು ಎಳೆಯುತ್ತಿತ್ತು. ಕಿನ್ಫೆಗೆ ಜೊಂಪು ಹತ್ತಿತು.

ಆಗ ಅವರು ಬಂದರು, ಕೊನೆಯವನು ಮೊದಲಾಗಿ. ಏಳು ತಲೆಯವನು ಬಾಗಿಲಲ್ಲಿ ತಲೆಗಳನ್ನು ಒಂದೊಂದಾಗಿ ಬಗ್ಗಿಸಿ ಒಳಗೆ ಬಂದ. ಚಪ್ಪಲಿ ಬಿಡುವಲ್ಲಿ ಆರನ್ನು ಕಳಚಿಟ್ಟ. ಬಾಲ ಕೊಡವಿದರೆ ನಕ್ಷತ್ರಗಳು ನೆಲಕ್ಕೆ ಉದುರಿ, ಬಿಸಿಲಿನ ಶಿಲುಬೆಗಳ ಜೊತೆ ಸೇರಿಹೋದವು. ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಕೆಂಪು ಬಣ್ಣ ಇಳಿದು ರಾಜರ ಉಡುಪಿನ ಸೊಗಸುಗಾರನಾದ. ರಾಜ್ಯಗಳನ್ನು ಜೇಬಿನಿಂದ ತೆಗೆದು ಕಿಟಕಿಯ ಮೇಲಿಟ್ಟ. ಇನ್ನೆರಡು ಹೆಜ್ಜೆಗೆ ಉಡುಪು ಜಾರಿ, ಕೈಯೊಡ್ಡಿ ಬೇಡುವವನಾದ. ಒಂದು ಹಾವು ಅವನ ತೋಳಿನಿಂದ ಇಳಿದು ತನ್ನ ಪಾಡಿಗೆ ಕಲ್ಲುಸಂದಿಗೆ ಹೋಯಿತು, ಬರೀ ಹಾವು. ಕೊನೆಗೆ ಕಿನ್ಫೆಯ ಚಾಪೆಯ ಬಳಿ ಬಂದು ನಿಂತವನ ಮೈಮೇಲೆ ಏನೂ ಉಳಿದಿರಲಿಲ್ಲ, ರೆಕ್ಕೆ ಮತ್ತು ಕಾಲಿಗೆ ಮೆತ್ತಿದ ಧೂಳು ಬಿಟ್ಟರೆ. ಭೂಮಿಯೆಲ್ಲ ಸುತ್ತಿ ಬಂದು ತುಂಬ ದಣಿದಿದ್ದ. ಪಕ್ಕಕ್ಕೆ ತಿರುಗಿ ನಿಂತಿದ್ದ.

"ಈ ಕಡೆ ತಿರುಗು," ಎಂದ ಕಿನ್ಫೆ. ಕನಸಿನಲ್ಲೂ ಅವನಿಗೆ ಆ ಗಂಟಿನ ಮೂಗು ಕಾಣುತ್ತದೆಂಬ ಹೆದರಿಕೆ.

ಅವನು ತಿರುಗಿದ. ಎರಡು ಕಣ್ಣುಗಳಿದ್ದವು. ಮುಖ ಕಿನ್ಫೆಯದೇ ಆಗಿತ್ತು. ಬಾಯಿ, ಅಲ್ಲಿ ಇಲ್ಲದವನೊಬ್ಬನ ಮೇಲೆ ಏನೋ ಹೇಳಲೆಂದು ಆಗಲೇ ತೆರೆದಿತ್ತು.

ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು. ಕಿನ್ಫೆ ಬಣ್ಣದ ಬೋಗುಣಿಯ ನೀರಿನಲ್ಲಿ ತನ್ನ ಮುಖ ನೋಡಿಕೊಂಡ. ಸಾವಿರ ಮುಖ ಬರೆದವನು ಅದೊಂದನ್ನು ಸರಿಯಾಗಿ ನೋಡಿರಲಿಲ್ಲ. ಕೈ ನಡುಗುವುದು ನಿಂತಾಗ ಒಂದು ಗೆರೆ, ಮತ್ತೆ ಕಾದು ಇನ್ನೊಂದು ಗೆರೆ. ಹನ್ನೊಂದು ದಿನ ಹಿಡಿಯಿತು.

ಅಬಾ ಲಿಸಾನು ನೋಡಿ ಕೆಂಡವಾದರು.

"ಎರಡು ಕಣ್ಣಾ! ಸೈತಾನನಿಗೆ ಎರಡು ಕಣ್ಣಾ! ಮುದುಕಿಯರು ಬಂದು ಕೈಮುಗೀತಾರೆ ಕಣಯ್ಯಾ!"

"ಮುಖ ಗುರುತಾದ್ರೆ ಕೈ ಮುಗಿಯಲ್ಲ ಅಬಾ. ಸರಿಯಾಗಿ ನೋಡಿ."

ಅಬಾ ಚಿತ್ರವನ್ನು ನೋಡಿದರು, ಕಿನ್ಫೆಯನ್ನು ನೋಡಿದರು, ಶಿಲುಬೆ ಗುರುತು ಹಾಕಿಕೊಂಡರು. ಹೇಳಿ ಕಳಿಸದಿದ್ದರೂ ಯೆನೇಟಾ ಎಸ್ದ್ರಾಸ್ ಗುಡ್ಡ ಇಳಿದು ಬಂದರು. ಇಂಥ ಜಗಳಗಳ ವಾಸನೆ ಅವರಿಗೆ ಎಲ್ಲಿದ್ದರೂ ಸಿಗುತ್ತಿತ್ತು.

"ಅವನು ಯಾವ ದಿನ ಒಂದು ಕಣ್ಣು ಕಳ್ಕೊಂಡ ಅಂತ ಪುಸ್ತಕದಲ್ಲಿ ತೋರಿಸು ಲಿಸಾನು," ಎಂದರು. "ತೋರಿಸಿದ್ರೆ ನಾನೇ ಸುಣ್ಣ ಬಳೀತೀನಿ."

"ಸಂಪ್ರದಾಯ ಅಂತ ಒಂದಿದೆ ಯೆನೇಟಾ!"

"ಇದೆ. ಬಾಗಿಲ ಪಕ್ಕ ಇದೆ. ಅದರಿಂದ ಒಬ್ಬ ಮನುಷ್ಯ ಮೂವತ್ತನಾಲ್ಕು ವರ್ಷದಿಂದ ಅಂಗಳದಲ್ಲಿ ನಿಂತಿದ್ದಾನೆ."

ಅಬಾ ಮಂತ್ರಜಲ ಚಿಮುಕಿಸುವುದನ್ನು ಮಾತ್ರ ಈಸ್ಟರ್ ತನಕ ಮುಂದಕ್ಕೆ ಹಾಕಿದರು. ಅದಕ್ಕೆ ಒಂದು ವಾರ ಮೊದಲು ಬರುವ ಹೊಸಾನ್ನಾ ಭಾನುವಾರ ಪರದೆ ತೆಗೆಯುವುದು, ಊರು ಏನನ್ನುತ್ತದೋ ಕೇಳುವುದು ಎಂದಾಯಿತು.

ಹೊಸಾನ್ನಾದ ಬೆಳಿಗ್ಗೆ ಊರೆಲ್ಲ ಈಚಲ ಗರಿಯ ಉಂಗುರ ತೊಟ್ಟು, ಗರಿಯ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಬಿಳಿ ಬಿಳಿಯಾಗಿ ಇಗರ್ಜಿಗೆ ಬಂತು. ಪರದೆ ಸರಿಯುವಾಗ ಕಿನ್ಫೆ ಒಳಗಿರಲಿಲ್ಲ. ಅಂಗಳದ ಬೇಲಿಗೋಡೆಯಿಂದ ಒಂದು ಕಲ್ಲು ಕಿತ್ತು, ಕತ್ತಿನ ಹಿಂದೆ ಹೊತ್ತು, ಬಗ್ಗಿಕೊಂಡು ಮರದ ಕೆಳಗೆ ಹೋಗಿ ಅಣ್ಣನ ಮುಂದೆ ಮೊಣಕಾಲೂರಿದ. ತಪ್ಪು ಮಾಡಿದವನು ಹೀಗೆ ಬಂದಾಗ ಕ್ಷಮಿಸುವವನು ತನ್ನ ಕೈಯಿಂದ ಕಲ್ಲು ಇಳಿಸಬೇಕು. ಇಳಿಸದಿದ್ದರೆ ಕ್ಷಮಿಸಲಿಲ್ಲ ಎಂದರ್ಥ.

"ಅಣ್ಣಾ, ಕೈ ತಾನೇ ಬರೀತು ಅಂತ ಹೇಳ್ಕೊಂಡು ತಿರುಗಿದೆ. ಸುಳ್ಳು. ಗೊತ್ತಿದ್ದೇ ಬರೆದೆ. ನದಿ ವಿಷಯ ಅತ್ತಿಗೆ ಹೇಳಿದ್ರು."

ಮೆರ್ಷಾ ಕೋಲಿಗೆ ಗದ್ದ ಊರಿಕೊಂಡೇ ಇದ್ದ. ಕಲ್ಲು ಮುಟ್ಟಲಿಲ್ಲ. ಕಿನ್ಫೆಗೆ ಅವನ ಮುಖ ಕಾಣುತ್ತಿರಲಿಲ್ಲ; ಕಾಣುತ್ತಿದ್ದುದು ಟೈರಿನ ಚಪ್ಪಲಿ, ಒಡೆದ ಹಿಮ್ಮಡಿ, ಅದರ ಪಕ್ಕ ಸಾಲು ಹೋಗುತ್ತಿದ್ದ ಇರುವೆಗಳು.

ಅಷ್ಟರಲ್ಲಿ ಒಳಗಿನಿಂದ ಗಲಭೆ ಎದ್ದಿತು. "ಅಯ್ಯೋ, ನಮ್ಮ ಕಿನ್ಫೆ ಕಣ್ರೀ!" ಎಂದಳು ಒಬ್ಬಳು. ಯಾರೋ ನಕ್ಕರು, ಮೂವತ್ತನಾಲ್ಕು ವರ್ಷದ ಹಿಂದೆ ನಕ್ಕಂತೆಯೇ. "ಒಕ್ಕಣ್ಣನ ತಮ್ಮ ಇಕ್ಕಣ್ಣ!" ಎಂದು ಗಂಡು ಧ್ವನಿಯೊಂದು ಕೂಗಿತು. "ಸೈತಾನ ಕಿನ್ಫೆ!"

ಮೆರ್ಷಾ ತಲೆಯೆತ್ತಿದ.

"ಏನೋ ಬರೆದಿದ್ದೀಯಾ ಒಳಗೆ?"

ಚಪ್ಪಲಿಗಳು ಇರುವೆ ಸಾಲನ್ನು ದಾಟಿ ಹೋದವು. ಕಲ್ಲಿನ ಭಾರಕ್ಕೆ ಕತ್ತು ತಿರುಗಿಸಲಾಗದೆ ಕಿನ್ಫೆ ಕಿವಿಯನ್ನಷ್ಟೇ ಹಿಂದೆ ಬಿಟ್ಟ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಒಳಗಿನ ನಗು ಮಧ್ಯದಲ್ಲೇ ಕಡಿದುಹೋಯಿತು. ಹಾಡುವವರೂ ನಿಲ್ಲಿಸಿದರು. ಗಾಳಿಗೆ ಆಲಿವ್ ಎಲೆಗಳ ಬೆಳ್ಳಿಬೆನ್ನು ಕಾಣುವುದು, ಮರೆಯಾಗುವುದು, ನೆಲದ ಮೇಲಿನ ನೆರಳಿನಲ್ಲೇ ಕಿನ್ಫೆಗೆ ತಿಳಿಯುತ್ತಿತ್ತು. ಎಷ್ಟು ಹೊತ್ತೋ. ತಾನು ಮತ್ತೆ ಆ ಚಾಪೆಯ ಮೇಲೆ ಮಲಗಿದ್ದೇನೋ, ಇದೂ ಅದರ ಮುಂದುವರಿಕೆಯೋ ಎನ್ನಿಸಿತು ಅವನಿಗೆ.

"ಯಾವನೋ ಅವನು ಸೈತಾನ ಅಂದೋನು?"

ಆ ಧ್ವನಿ ಇಗರ್ಜಿಯ ಒಳಗೆ ಅಷ್ಟು ವರ್ಷ ಕೇಳಿರಲಿಲ್ಲ. ತಗಡಿನ ಮಾಡು ಝಣ್ ಎಂದಿತು.

"ಬಾ ಮುಂದಕ್ಕೆ! ನನಗೆ ಏನು ಬೇಕಾದ್ರೂ ಅನ್ನಿ, ಅಂದಿದ್ದೀರಿ, ಕೇಳಿದ್ದೀನಿ. ನನ್ನ ತಮ್ಮನಿಗೆ ಅಂದ್ರೆ ಹಲ್ಲು ಉದುರಿಸ್ತೀನಿ!"

ಬರಿಗಾಲಿನ ಹೆಜ್ಜೆಗಳು ಮೆಟ್ಟಿಲಿಳಿದು ಬಂದವು. ಕಿನ್ಫೆಯ ಕಣ್ಣ ಮುಂದೆ ಆ ಒಡೆದ ಹಿಮ್ಮಡಿಗಳು ಮತ್ತೆ ನಿಂತವು.

"ನೀರು ತಗೊಂಡು ಒಳಗೆ ನಡಿ," ಎಂದ ಮೆರ್ಷಾ. "ಇನ್ನೂ ಮಂತ್ರಜಲ ಬಿದ್ದಿಲ್ಲವಂತೆ. ಆ ಮುಖ ಒರೆಸಿಬಿಡು."

"ಅದು ನಿಜ ಅಣ್ಣಾ. ನಿನ್ನ ಮೇಲೆ ದೂರು ಹೇಳಿದೋನು ನಾನೇ ತಾನೇ?"

"ನಿಜ ಇದ್ರೆ ಇರ್ಲಿ. ನಮ್ಮ ಮನೆಗೆ ಒಬ್ಬ ಸಾಕು," ಎಂದು ಮೆರ್ಷಾ ಬಗ್ಗಿ, ಎರಡೂ ಕೈಯಿಂದ ತಮ್ಮನ ಕತ್ತಿನ ಮೇಲಿನ ಕಲ್ಲನ್ನು ಎತ್ತಿದ. "ನಾನಿದ್ದೀನಲ್ಲ."